ಐದು ಕ್ರೇದೊ ದೂರದ ಸದ್ದು

ಸಾನ್ ಬರ್ನಾಬೆಯ ಚೌಕದಲ್ಲಿ, ಮೂರನೆಯ ಕಮಾನಿನ ಕೆಳಗೆ, ಎದುವಿಹೆಸ್ ಮೂವತ್ತೊಂದು ವರ್ಷ ಮೊಟ್ಟೆ ಬೇಯಿಸಿ ಮಾರಿದಳು. ಗಡಿಯಾರ ಕಟ್ಟಿದವಳಲ್ಲ. ಮೊಟ್ಟೆಯನ್ನು ಕುದಿನೀರಿಗೆ ಬಿಟ್ಟು ಕ್ರೇದೊ ಪ್ರಾರ್ಥನೆ ಹೇಳುವಳು. ಮೂರು ಕ್ರೇದೊ ಮುಗಿದರೆ ಒಳಗಿನ ಹಳದಿ ಇನ್ನೂ ಮೆತ್ತಗೆ, ಹದಿನೈದಾದರೆ ಗಟ್ಟಿ. ಗಿರಾಕಿ ಎಷ್ಟೇ ಗೊಣಗಲಿ, ಪ್ರಾರ್ಥನೆಯ ಒಂದು ಪದವನ್ನೂ ನುಂಗಿದವಳಲ್ಲ.

ಒಂದು ನಸುಕಿನಲ್ಲಿ ಆಕಾಶದಲ್ಲಿ ಬೆಂಕಿ ಹಾದುಹೋಯಿತು. ಎರಡೇ ವಾರದಲ್ಲಿ ರಾಜಧಾನಿಯಿಂದ ಇಂಜಿನಿಯರ್ ಒರೋಸ್ಕೊ ಫಾರಂ ಹಿಡಿದು ಬಂದ. ಅದರಲ್ಲಿ ಮೂರು ದರ್ಜೆ. ಹೊಳಪಿನಲ್ಲಿ ಬೆಳ್ಳಿಚುಕ್ಕಿಯನ್ನು ಮೀರಿಸಿದ್ದರೆ ಅದು ಬರೀ ಬೆಂಕಿಯುಂಡೆ. ಸಿಡಿದು ಗುಡುಗಿದ್ದರೆ ಬೋಲಿಡೊ. ಇನ್ನೊಂದು ಸೂರ್ಯನೇ ಹುಟ್ಟಿದಂತಿದ್ದರೆ ಸೂಪರ್‌ಬೋಲಿಡೊ. ಹಿಂದಿನ ವರ್ಷ ಪಕ್ಕದ ಸಾಂತಾ ರೀತಾ ಊರಿಗೆ ಬೋಲಿಡೊ ದರ್ಜೆ ಸಿಕ್ಕಿತ್ತು. ಆದ್ದರಿಂದ ನಮ್ಮ ಮೇಯರ್ ದೋನ್ ಫಿಲೆಮೋನ್ ವಿಚಾರಣೆಗೆ ಮೊದಲೇ ಊರಬಾಗಿಲ ಮೇಲೆ ‘ಸೂಪರ್‌ಬೋಲಿಡೊದ ತವರು’ ಎಂದು ಬಣ್ಣದಲ್ಲಿ ಬರೆಸಿಬಿಟ್ಟಿದ್ದ.

“ಎದುವಿಹೆಸ್, ನಾವು ಹೇಳ್ದಂಗೇ ಹೇಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ಈ ಜಾಗ ನನ್ನ ನಾದಿನಿಗೆ,” ಅಂದ ಮೇಯರ್.

ಅವಳು ಮೊಟ್ಟೆ ಸುಲಿಯುತ್ತಲೇ ಇದ್ದಳು. ಆ ಜಾಗ ಹೋದರೆ ಅವಳಿಗೆ ಬೇರೆ ಗತಿಯಿರಲಿಲ್ಲ.

ಚೌಕದಲ್ಲೇ ನಡೆದ ವಿಚಾರಣೆಯಲ್ಲಿ ಕ್ಷೌರಿಕ ಹಸಿಂತೊ ಮೊದಲು ಸಾಕ್ಷಿ ಹೇಳಿದ. “ಬೆಳಕು, ಸದ್ದು ಎರಡೂ ಒಟ್ಟಿಗೇ ಬಂತು ಸ್ವಾಮಿ. ಕುರ್ಚಿಯಿಂದ ಬಿದ್ದೆ.” ಮೇಯರೂ ಒಟ್ಟಿಗೇ ಅಂದ. ಊರಿಗೆ ಊರೇ ಒಟ್ಟಿಗೇ ಅಂದಿತು.

“ಒಟ್ಟಿಗೇ ಬಂದಿದ್ರೆ ಅದು ನಿಮ್ಮ ನೆತ್ತಿ ಮೇಲೇ ಸಿಡಿದಿರ್ಬೇಕು. ನೆತ್ತಿಗಳೆಲ್ಲ ನೆಟ್ಟಗೇ ಇವೆಯಲ್ಲ,” ಅಂದ ಒರೋಸ್ಕೊ. “ಸದ್ದಿನ ಮಾತು ನಂಬೋಹಾಗಿಲ್ಲ. ಬೆಂಕಿಯುಂಡೆ ಅಂತ ಬರ್ಕೊಂಡು ಹೊರಡ್ತೀನಿ.”

ದೋನ್ ಫಿಲೆಮೋನನ ಮುಖ ಸುಟ್ಟ ಬದನೆಯಾಯಿತು. ಒರೋಸ್ಕೊ ಪೆನ್ನು ಮುಚ್ಚುವ ಮುನ್ನ ಎದುವಿಹೆಸಳ ಕಡೆ ತಿರುಗಿದ. “ನೀವು ಕೇಳಿದ್ರಾ ಅಮ್ಮ?”

“ಕೇಳ್ದೆ. ಮೊಟ್ಟೆ ನೀರಿಗೆ ಬಿಟ್ಟಾಗ ಬೆಳಕು ಬಂತು. ಮೂರು ಕ್ರೇದೊಗೆ ಮೊಟ್ಟೆ ತೆಗ್ದೆ, ಇನ್ನೊಂದು ಬಿಟ್ಟೆ. ಅದಕ್ಕೆ ಎರಡು ಆಗಿತ್ತು, ಆಗ ಗುಡುಗ್ತು. ಕಂಬದ ನೆರಳು ಮಂಕಾಗಿ ಬಿದ್ದಿತ್ತು. ಸೂರ್ಯನೂ ಇಲ್ಲ, ಗೀರ್ಯನೂ ಇಲ್ಲ.”

ಒರೋಸ್ಕೊ ಕೈಗಡಿಯಾರ ಬಿಚ್ಚಿ ಮುಂದಿಟ್ಟ. “ಹೇಳಿ, ಒಂದು ಸಲ.” ಅವಳು ಹೇಳಿದಳು. ಅವನು ಐದರಿಂದ ಗುಣಿಸಿದ, “ದೂರ ಸಿಡಿದ ಸದ್ದು ಬರೋಕೆ ಇಷ್ಟು ಹೊತ್ತು ಬೇಕೇ ಬೇಕು,” ಎಂದು ತಲೆಯಾಡಿಸಿದ, ‘ಬೋಲಿಡೊ’ ಎಂದು ಬರೆದ.

“ಸೂಪರ್?” ಅಂದ ಮೇಯರ್.

“ಇಲ್ಲ.”

ಮೇಯರ್ ಎದುವಿಹೆಸಳತ್ತ ತಿರುಗಿದ. “ನಾಳೆಯೇ ನಿನ್ನ ಒಲೆ ಎತ್ತು.”

ಒರೋಸ್ಕೊ ಫಾರಮಿನಿಂದ ತಲೆ ಎತ್ತಲಿಲ್ಲ. “ವೀಕ್ಷಣೆಯ ಸ್ಥಳ: ಮೂರನೆಯ ಕಮಾನು. ಒಲೆ, ಪಾತ್ರೆ, ಸಾಕ್ಷಿ ಯಾವುದನ್ನೂ ಕದಲಿಸಬಾರದು, ಕಡತ ಮುಗಿಯೋವರೆಗೆ.”

“ಯಾವಾಗ ಮುಗಿಯುತ್ತೆ?”

“ನನ್ನ ಮೇಷ್ಟ್ರು ಶುರು ಮಾಡಿದ ಕಡತಾನೇ ಇನ್ನೂ ಮುಗಿದಿಲ್ಲ ಸ್ವಾಮಿ.”

ಊರಬಾಗಿಲ ‘ಸೂಪರ್’ ಮೇಲೆ ಸುಣ್ಣ ಬಳಿದರು. ಮಳೆ ಬಂದಾಗೆಲ್ಲ ಅದು ಇಣುಕುತ್ತದೆ. ಎದುವಿಹೆಸ್ ತೀರಿಕೊಂಡು ಆರು ವರ್ಷವಾಯಿತು. ಇನ್ನೂ ಮುಗಿಯದ ಕಡತದ ಅಪ್ಪಣೆಯಂತೆ ಮಗಳು ರೆಮೆಡಿಯೋಸ್ ಅದೇ ಕಮಾನಿನ ಕೆಳಗೆ, ಅದೇ ಪಾತ್ರೆಯಲ್ಲಿ ಮೊಟ್ಟೆ ಬೇಯಿಸುತ್ತಾಳೆ. ದೋನ್ ಫಿಲೆಮೋನ್ ದಿನಾ ಬಂದು “ಬೇಗ, ಬೇಗ” ಅನ್ನುತ್ತಾನೆ. ಅವಳು ಮೂರನೆಯ ಕ್ರೇದೊ ಮುಗಿಸಿಯೇ ಚಮಚ ಎತ್ತುತ್ತಾಳೆ.