ಮೋಲ್ಡ್ ದಿನದ ಆಲಿಕಲ್ಲು

ಮೂರು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ನಾನು ವೈಟ್‌ಫೀಲ್ಡ್‌ನ ಖಾಸಗಿ ಹವಾಮಾನ ಸಂಸ್ಥೆಯೊಂದರಲ್ಲಿ ಹಿರಿಯ ಮುನ್ಸೂಚಕಿಯಾಗಿದ್ದೆ. ನಿರ್ಮಾಣ ಕಂಪನಿಗಳಿಗೆ ಗುಡುಗು, ಗಾಳಿ, ಮಳೆಯ ಎಚ್ಚರಿಕೆ ಕೊಡುವುದು ನಮ್ಮ ಕೆಲಸ.

ಆ ದಿನ ನಮ್ಮ ಕಚೇರಿಗೆ ಸಮೀಪದ ಪಟ್ಟಂದೂರು ಅಗ್ರಹಾರದ ಬಳಿ ಏಳುತ್ತಿದ್ದ ಕಚೇರಿ ಕಟ್ಟಡದಲ್ಲಿ ಐದನೇ ಮಹಡಿಯ ಮೋಲ್ಡ್ ನಡೆಯುತ್ತಿತ್ತು. ಪೂಜೆ ಮಾಡಿ ಛಾವಣಿಗೆ ಕಾಂಕ್ರೀಟ್ ಸುರಿಯತೊಡಗಿದರೆ ಮುಗಿಯುವವರೆಗೆ ಯಾರೂ ನಿಲ್ಲಿಸುವುದಿಲ್ಲ.

ಮಧ್ಯಾಹ್ನ ಹೊಸಕೋಟೆ ಕಡೆ ಎದ್ದ ಮೋಡವೊಂದು ರೇಡಾರ್‌ನಲ್ಲಿ ಬೇರೆಯಾಗಿಯೇ ಕಂಡಿತು. ರೇಡಾರ್ ಬಿಟ್ಟ ಅಲೆಗಳು ಮೋಡದ ಹನಿಗಳಿಗೆ ತಾಗಿ ಮರಳುತ್ತವೆ. ಸಾಮಾನ್ಯ ಮಳೆಮೋಡದಲ್ಲಿ ಬಲವಾದ ಪ್ರತಿಧ್ವನಿ ಕೆಳಭಾಗದಿಂದ ಬರುತ್ತದೆ. ಇಲ್ಲಿ ಅದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬಹಳ ಮೇಲಿನಿಂದ ಬರುತ್ತಿತ್ತು. ದೊಡ್ಡ ಆಲಿಕಲ್ಲುಗಳ ಗುರುತು ಅದು. ಮೋಡ ನೇರ ನಮ್ಮ ಕಡೆಗೇ ಸಾಗುತ್ತಿತ್ತು.

ಸೈಟ್ ಎಂಜಿನಿಯರ್ ಲೋಕೇಶ್‌ಗೆ ಫೋನ್ ಮಾಡಿದೆ. "ಅರ್ಧ ಗಂಟೆಯಲ್ಲಿ ಆಲಿಕಲ್ಲು ಮಳೆ ಬರುತ್ತೆ."

"ಹೋದ ವಾರಾನೂ ಇದನ್ನೇ ಅಂದ್ರಿ ಮೇಡಂ, ಬಿಸಿಲಿಗೆ ಬಟ್ಟೆ ಒಣಗಿಸ್ಕೊಂಡ್ವಿ," ಎಂದು ನಕ್ಕರು. "ಇರ್ಲಿ, ಟಾರ್ಪಾಲ್ ರೆಡಿ ಇದೆ. ಎಲ್ಲರನ್ನೂ ಮೇಲೆ ಹತ್ತಿಸ್ತೀನಿ."

ಮಳೆ ಎಂದೊಡನೆ ಹಸಿ ಕಾಂಕ್ರೀಟ್ ಮುಚ್ಚಲು ಜನ ಮೇಲಕ್ಕೆ ಓಡುವುದು ಸೈಟುಗಳ ರೂಢಿ. ನನ್ನ ಎಚ್ಚರಿಕೆಯೇ ಅವರನ್ನು ಆಲಿಕಲ್ಲಿನ ಕೆಳಗೆ ನಿಲ್ಲಿಸಲಿತ್ತು.

"ಸ್ಪೀಕರ್ ಹಾಕಿ, ಮೇಸ್ತ್ರಿಯನ್ನ ಕರೀರಿ," ಎಂದೆ. ಯಾದಗಿರಿಯ ದೇವಪ್ಪ ಬಂದರು. ಕೆಲಸಗಾರರೆಲ್ಲ ಅವರ ಊರಿನವರೇ.

"ನಿಂಬೆಹಣ್ಣಿನಷ್ಟು ಕಲ್ಲು ಬೀಳುತ್ತೆ, ದೇವಪ್ಪ. ಒಬ್ಬರೂ ಮೇಲಿರಬಾರದು. ತಗಡಿನ ಶೆಡ್‌ನಲ್ಲಿರೋ ಹೆಂಗಸರು, ಮಕ್ಕಳನ್ನೂ ಬೇಸ್‌ಮೆಂಟಿಗೆ ಸೇರಿಸಿ."

"ಸ್ಲ್ಯಾಬ್ ಕೆಟ್ರ ಸಾಹೇಬ್ರು ನನ್ನ ತಲಿ ತಿಂತಾರ್ರೀ, ಅಕ್ಕಾರ."

"ಸ್ಲ್ಯಾಬ್ ಮತ್ತೆ ಹಾಕಬಹುದು. ಲೋಕೇಶ್, ಕೇಳಿಸ್ತಾ? ತಪ್ಪಾದ್ರೆ ನನ್ನ ಹೆಸರು ಹೇಳಿ."

ಆಚೆಯಿಂದ ಲೋಕೇಶ್ ಕೂಗಿದ್ದು ಕೇಳಿಸಿತು: "ಏಯ್, ಪಂಪ್ ನಿಲ್ಸ್ರೋ! ಎಲ್ಲಾ ಕೆಳಗಿಳೀರಿ!"

ನಾನು ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಆಲಿಕಲ್ಲು ಬಿತ್ತು. ನಮ್ಮ ಕಚೇರಿಯ ಅಂಗಳದಲ್ಲಿ ಕಾರುಗಳ ಗಾಜು ಒಡೆದವು. ಸೈಟಿನ ಫೋನ್ ಯಾರೂ ಎತ್ತಲಿಲ್ಲ. ಸದ್ದು ನಿಂತ ಮೇಲೆ ದೇವಪ್ಪನವರೇ ಕರೆ ಮಾಡಿದರು.

"ಎಲ್ಲಾರೂ ಆರಾಮ ಅದೀವ್ರಿ ಅಕ್ಕಾರ. ಶೆಡ್ಡಿನ ತಗಡು ಜರಡಿ ಆಗ್ಯಾವ. ಸ್ಲ್ಯಾಬಿಗೆ ಸಿಡುಬು ಎದ್ದೈತಿ. ನಮ್ಮ ತಲಿ ಮಾತ್ರ ನೆಟ್ಟಗದಾವ!"

ಹಿಂದೆ ಮಕ್ಕಳು ಆಲಿಕಲ್ಲಿಗಾಗಿ ಕಿತ್ತಾಡುವ ಗದ್ದಲ. ನಮ್ಮ ಕೋಣೆಯಲ್ಲಿ ಚಪ್ಪಾಳೆ ಬಿತ್ತು.

ಏನು ಬೀಳುತ್ತದೆ ಎಂದು ಹೇಳುವುದು ಅರ್ಧ ಮುನ್ಸೂಚನೆ. ಅದನ್ನು ಕೇಳಿದವರು ಎತ್ತ ಓಡುತ್ತಾರೆ ಎಂಬುದೂ ಮುನ್ಸೂಚಕರಿಗೆ ಗೊತ್ತಿರಬೇಕು. ಮರುದಿನವೇ ನಮ್ಮ ಆಲಿಕಲ್ಲು ಎಚ್ಚರಿಕೆಯನ್ನು ತಿದ್ದಿದೆ. ಅದರ ಮೊದಲ ಸಾಲಿನಲ್ಲಿ ಈಗ ಮೋಡದ ಮಾತಿಲ್ಲ. "ಯಾರೂ ಮೇಲೆ ಹತ್ತಬೇಡಿ" ಎಂದಷ್ಟೇ ಇದೆ.