ಹರಳೆಣ್ಣೆ ಸುಟ್ಟ ದಿನ

ಎಣ್ಣೆ ಸುಟ್ಟವಳು ನಾನೇ. ಗಾಳಿಯಲ್ಲ, ಒಣ ಸೌದೆಯೂ ಅಲ್ಲ. ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂರಲಾರದೆ, ಅವ್ವ ಮೂರು ದಿನ ದುಡಿದು ತೆಗೆದ ಹರಳೆಣ್ಣೆಯನ್ನು ಕಪ್ಪು ಮಾಡಿದೆ.

ಆಗ ನಾವಿದ್ದದ್ದು ಮಾಗಡಿ ಕಡೆಯ ಒಂದು ಹಳ್ಳಿಯಲ್ಲಿ. ಅಕ್ಕ ಹೆರಿಗೆಗೆ ಬಂದಿದ್ದಳು, ಕೂಸಿಗೆ ಹದಿನೈದು ದಿನ. ಮಾರನೆಯ ದಿನ ಶನಿವಾರ, ಕೂಸಿಗೆ ಮೈತುಂಬ ಎಣ್ಣೆ ಹಚ್ಚಿ ನೀರು ಹುಯ್ಯಬೇಕು. ಮನೆಯಲ್ಲಿದ್ದ ಎಣ್ಣೆ ಮುಗಿದಿತ್ತು. ಅಂಗಡಿ ಎಣ್ಣೆ ಎಳೆ ನೆತ್ತಿಗೆ ಆಗದು ಎಂದು ಅವ್ವ ಹೊಲದ ಬದುವಿನ ಹರಳು ಬಿಡಿಸಿ, ಹುರಿದು, ಒರಳಲ್ಲಿ ಕುಟ್ಟಿ, ನೀರು ಹಾಕಿ ಕುದಿಸಿದ್ದಳು. ಮೇಲೆ ತೇಲಿದ ಎಣ್ಣೆಯನ್ನು ಚಿಪ್ಪಿನ ಸೌಟಿನಲ್ಲಿ ತೆಗೆದು, ಬೇರೆ ಮಡಕೆಗೆ ಹಾಕಿ ಮತ್ತೆ ಒಲೆಗಿಟ್ಟಳು. ಎಣ್ಣೆಯ ಜೊತೆ ಬಂದ ನೀರು ಹೋಗಬೇಕಲ್ಲ, ಅದಕ್ಕೆ.

"ಸಣ್ಣ ಉರೀಲೇ ಕಾಯ್ಲಿ ಕಣೆ. ಚಟಪಟ ಸದ್ದು ನಿಂತೇಟ್ಗೆ ಸೌದೆ ಈಚೆಗೆ ಎಳ್ದುಬುಡು. ಕುಂಡಿ ಊರಿ ಕೂತ್ಕೊ," ಎಂದು ಹೇಳಿ ಅವ್ವ ಅಕ್ಕನಿಗೆ ನೀರು ಹುಯ್ಯಲು ಬಚ್ಚಲಿಗೆ ಹೋದಳು.

ಕೂತೆ. ಎಣ್ಣೆ ಚಟಪಟ ಎನ್ನುತ್ತಿತ್ತು. ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಹೊಗೆಗೆ ಕಣ್ಣೆಲ್ಲ ಉರಿ, ಕಾಲಿಗೆ ಇರುವೆ ಹತ್ತಿದ ಹಾಗೆ. ಬೇಗ ಆಗಲಿ ಎಂದು ಒಂದು ಸೌದೆ ತುರುಕಿದೆ. ಅದೇ ಚಟಪಟ. ಇನ್ನೆರಡು ತುರುಕಿದೆ. ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಉರಿ ಮಡಕೆಯ ಕಂಠ ನೆಕ್ಕುತ್ತಿತ್ತು, ಎಣ್ಣೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸಿಟ್ಟು ಬಂದು ಇನ್ನೂ ಎರಡು ಸೌದೆ ಒಟ್ಟಿ ಅಂಗಳಕ್ಕೆ ಜಿಗಿದೆ. ಒಂದು ಆಟ ಮುಗಿದಿರಲಿಲ್ಲ, ಗಂಟಲು ಕಟ್ಟುವ ಕಮಟು ಹೊಗೆ ಬಾಗಿಲಿಂದ ನುಗ್ಗಿತು.

ಅವ್ವ ಒದ್ದೆ ಕೈಯಲ್ಲೇ ಓಡಿ ಬಂದು ಸೌದೆ ಎಳೆದಳು.

"ಗಾಳಿ ಬೀಸ್ತು ಕಣವ್ವ," ಎಂದೆ.

"ಗಾಳಿಗೇನು ಕೈ ಐತಾ? ಐದು ಸೌದೆ ಅದೇ ಹೊತ್ಕೊಂಡ್ ಬಂದು ಒಟ್ತಾ?"

ಒಳಗಿನಿಂದ ಅಕ್ಕ, "ನಾಳೀಕೆ ನನ್ ಕೂಸಿಗೆ ಏನವ್ವ ಹಚ್ಚೋದು?" ಎಂದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಆವತ್ತಿನ ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತು.

ನಿಮ್ಮ ಕಾಲ ಬೇರೆ, ಮೊಮ್ಮಕ್ಕಳೇ. ಎಣ್ಣೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಿಮ್ಮಪ್ಪ ಬಿಡದಿ ಹತ್ತಿರದ ಹೊಸ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಬಿಸಿ ಎಷ್ಟೆಂದು ಅದರ ಮುಳ್ಳೇ ಹೇಳುತ್ತದೆ. ನಮಗೆ ಇದ್ದದ್ದು ಕಿವಿ. ಮೊನ್ನೆ ನಿಮ್ಮಲ್ಲೊಬ್ಬಳು ಪಾಠ ಓದುತ್ತಿದ್ದಳು: ಕುದಿಯುವ ನೀರು ಹಬೆಯಾಗಲು ಕೊಟ್ಟ ಶಾಖವನ್ನೆಲ್ಲ ತಾನೇ ನುಂಗುತ್ತದಂತೆ, ಅಲ್ಲಿಯವರೆಗೆ ಬಿಸಿ ಏರುವುದಿಲ್ಲವಂತೆ. ಅದಕ್ಕೆ ಗುಪ್ತೋಷ್ಣ ಎಂದು ಹೆಸರಂತೆ. ಇರಲಿ. ನನ್ನ ಸೌದೆಯನ್ನೆಲ್ಲ ತಿಂದದ್ದು ಎಣ್ಣೆಯೊಳಗಿದ್ದ ನೀರು. ಅದು ಮುಗಿದ ಗಳಿಗೆಗೆ ಅಷ್ಟೂ ಉರಿ ಎಣ್ಣೆಯ ಮೇಲೆ ಬಿತ್ತು. ಆ ಹೆಸರು ಆಗಲೇ ಗೊತ್ತಿದ್ದರೆ ನಾನು ಕೂರುತ್ತಿದ್ದೆನೇ? ಇಲ್ಲ. ನೀವೂ ಕೂರುವವರಲ್ಲ.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಎದುರುಮನೆ ದೊಡ್ಡವ್ವನ ಹತ್ತಿರ ಹೋದೆ.

"ನಮ್ಮೆಣ್ಣೆ ನಾನೇ ಸುಟ್ಟಾಕ್ಬುಟ್ಟೆ. ಕೂಸಿಗೆ ಒಸಿ ಎಣ್ಣೆ ಕೊಡು ದೊಡ್ಡವ್ವ."

"ಶನಿವಾರ ಯಾರಾದ್ರೂ ಎಣ್ಣೆ ಹೊರಕ್ಕೆ ಕೊಡ್ತಾರೇನೆ ಮೂದೇವಿ? ಶನಿ ಹೆಗಲೇರ್ತಾನೆ!"

ನಾನು ಕದಲಲಿಲ್ಲ. ಅವಳು ಒಳಗಿನಿಂದ ಎಣ್ಣೆ ಕುಡಿಕೆ ತಂದಳು.

"ಬಟ್ಲಲ್ಲಿ ಕೊಟ್ರೆ ತಾನೆ ಕೊಟ್ಟಂಗೆ? ಮೈಗೆ ಹಚ್ಚಿದ್ರೆ ಅಲ್ಲ. ಹಿಡಿ ಕೈಯ," ಎಂದು ನನ್ನ ಬೊಗಸೆಗೆ ಹರಳೆಣ್ಣೆ ಹುಯ್ದಳು.

ಆ ಬೀದಿಯನ್ನು ಅಷ್ಟು ನಿಧಾನವಾಗಿ ನಾನು ಯಾವತ್ತೂ ದಾಟಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸಲು ಕೈಯಿಲ್ಲ. ಅಕ್ಕ ಕೂಸಿನ ನೆತ್ತಿಯನ್ನು ನನ್ನ ಬೊಗಸೆಯ ಕೆಳಗೆ ಹಿಡಿದಳು.