ಪೈಲಟ್‌ಗಳ ಉಸಿರು ನೋಡುತ್ತಿದ್ದ ಯಶೋಧಾ

ಹೊಸದುರ್ಗದ ಮನೆಯ ಮಹಡಿಯಲ್ಲಿ ಬಟ್ಟೆ ಹರವುವಾಗ ಆಕಾಶದಲ್ಲಿ ವಿಮಾನವೊಂದು ಬಿಳಿ ಗೆರೆ ಎಳೆದುಕೊಂಡು ಹೋದರೆ, ಯಶೋಧಾ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತುಬಿಡುತ್ತಾರೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಆದರೂ ಬೆಂಗಳೂರಿನ ವಿಮಾನ ನಿಲ್ದಾಣದ ಆ ಪುಟ್ಟ ಕೋಣೆ, ಮುಂಜಾನೆಯ ಕಾಫಿ ವಾಸನೆ, ಇಸ್ತ್ರಿ ಮಾಡಿದ ಬಿಳಿ ಅಂಗಿಗಳ ಸಾಲು ನೆನಪಿನಿಂದ ಮರೆಯಾಗಿಲ್ಲ.

ಬಾಗೂರಿನಲ್ಲಿ ಬೆಳೆದು, ನರ್ಸಿಂಗ್ ಓದಿದ ಯಶೋಧಾ ಒಂದು ವಿಮಾನ ಕಂಪನಿಯಲ್ಲಿ ಹದಿನಾಲ್ಕು ವರ್ಷ ದುಡಿದರು. ಹಾರುವ ಮುನ್ನ ಪೈಲಟ್‌ಗಳು ಅವರೆದುರು ಕುಳಿತು, ಕುಡಿದಿದ್ದರೆ ತೋರಿಸಿಕೊಡುವ ಯಂತ್ರದ ಕೊಳವೆಗೆ ಊದಬೇಕಿತ್ತು. ಸೊನ್ನೆ ಬಂದವರು ವಿಮಾನ ಹತ್ತುತ್ತಿದ್ದರು.

ಕ್ಯಾಪ್ಟನ್ ರಾಜಶೇಖರ್ ಹೊರಕೆರೆದೇವಪುರದವರು. ಸುತ್ತ ಎಲ್ಲರೂ ಇಂಗ್ಲಿಷ್ ಮಾತಾಡುವಾಗ ಅವರೊಬ್ಬರು, "ಊರ ಕಡೆ ಮಳೆ ಆತೇನಮ್ಮ?" ಎನ್ನುತ್ತಿದ್ದರು. ಆ ಎರಡು ನಿಮಿಷದಲ್ಲಿ ಯಶೋಧಾಗೆ ಊರಿಗೆ ಹೋಗಿಬಂದಷ್ಟು ಹಿತವಾಗುತ್ತಿತ್ತು. ಅದಕ್ಕೇ ಇರಬೇಕು, ಒಂದು ಬೇಸಿಗೆಯಲ್ಲಿ ಅವರ ಕೈ ನಡುಗುವುದನ್ನು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟ್ ಇರುವುದನ್ನು ಕಂಡರೂ ಏನೂ ಕೇಳಲಿಲ್ಲ. ಯಂತ್ರವೇ ಸೊನ್ನೆ ತೋರಿಸುತ್ತಿರುವಾಗ ನನಗೇಕೆ ಎಂದುಕೊಂಡರು.

ಜೂನ್ ತಿಂಗಳ ಒಂದು ಬೆಳಿಗ್ಗೆ ಸೊನ್ನೆ ಬರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಊದಿಸುವುದು ನಿಯಮ. ಕಾಯುತ್ತಿದ್ದ ರಾಜಶೇಖರ್ ದನಿ ತಗ್ಗಿಸಿ, "ಹೊಟ್ಟೆನೋವು, ವಾಪಸ್ ಹೋದ್ರು ಅಂತ ಬರ್ಕಂಬಿಡಮ್ಮ. ಇಪ್ಪತ್ತಾರು ವರ್ಷದ ನೌಕರಿ ಐತೆ" ಎಂದರು.

ಯಶೋಧಾ ಯಂತ್ರಕ್ಕೆ ಹೊಸ ಕೊಳವೆ ಸಿಕ್ಕಿಸಿದರು. "ಆಗಲ್ಲ ಸರ್. ಇವತ್ತು ಬಿಟ್ರೆ ಇನ್ನೊಂದಿನ ಹಿಂಗೇ ಮೇಲಕ್ಕೆ ಹೋಗ್ತೀರಿ. ಹಿಂದೆ ನೂರೆಂಬತ್ತು ಜನ ನಿಮ್ಮನ್ನ ನಂಬ್ಕಂಡು ಕುಂತಿರ್ತಾರೆ."

ಎರಡನೇ ಸಲವೂ ಅದೇ ಬಂತು. ಮೂರು ತಿಂಗಳು ಲೈಸೆನ್ಸ್ ಅಮಾನತಾಯಿತು. ರಾಜಶೇಖರ್ ಹೊಳಲ್ಕೆರೆಯ ಸ್ವಂತ ಮನೆಗೆ ಬಂದು ಕೂತರು. ಅಲ್ಲಿ ಕುಡಿತ ಇನ್ನೂ ಹೆಚ್ಚಾಗಿದೆ ಎಂಬ ಸುದ್ದಿ ಯಶೋಧಾರ ಕಿವಿಗೆ ಬಿತ್ತು.

ರಜೆಗೆ ಬಾಗೂರಿಗೆ ಬಂದ ಯಶೋಧಾ ಮರುದಿನವೇ ಹೊಳಲ್ಕೆರೆ ಬಸ್ಸು ಹತ್ತಿದರು. ಬಾಗಿಲು ತೆರೆದ ಕ್ಯಾಪ್ಟನ್ನರ ಹೆಂಡತಿ ಬಿಂದು, ಯಾರೆಂದು ತಿಳಿದ ಮೇಲೂ ಮುಖ ತಿರುಗಿಸಲಿಲ್ಲ. "ಬರ್ರಿ, ಕುಂತ್ಕಳ್ರಿ" ಎಂದು ಗಂಡನನ್ನು ಕರೆದರು. ಗಡ್ಡ ಬಿಟ್ಟಿದ್ದ ರಾಜಶೇಖರ್ ಎದುರಿಗೆ ಬಂದು ಕುಳಿತರು.

"ನಿಮ್ಮ ಕೈ ನಡುಗೋದು ನಾನು ಎರಡು ತಿಂಗಳು ಮುಂಚೇನೇ ನೋಡಿದ್ದೆ ಸರ್. ಆವಾಗ್ಲೇ ಕೇಳ್ಬೇಕಿತ್ತು. ಅದು ನನ್ನ ತಪ್ಪು."

ರಾಜಶೇಖರ್ ಗಡ್ಡ ಸವರಿಕೊಂಡರು. "ಕೇಳಿದ್ರೂ ನಾನು ಹೇಳ್ತಿರ್ಲಿಲ್ಲಮ್ಮ. ಹೇಳಿದ್ರೆ ಇನ್ಯಾವತ್ತೂ ಹಾರಕ್ಕೆ ಬಿಡಲ್ಲ ಅನ್ನೋ ಭಯ. ಆ ಭಯಕ್ಕೂ ಕುಡೀತಿದ್ದೆ."

ಕುಡಿತ ಬಿಟ್ಟು ಮತ್ತೆ ಹಾರುತ್ತಿರುವ ಪೈಲಟ್‌ಗಳದೇ ಒಂದು ಗುಂಪಿತ್ತು. ಅದರ ಹಿರಿಯರೊಬ್ಬರ ನಂಬರನ್ನು ಯಶೋಧಾ ಚೀಟಿಯಲ್ಲಿ ಬರೆದು ತಂದಿದ್ದರು. ಬಿಂದು ಅಲ್ಲೇ ಆ ನಂಬರಿಗೆ ಫೋನ್ ಮಾಡಿ ಗಂಡನ ಕೈಗೆ ಕೊಟ್ಟರು. ಆ ವಾರವೇ ರಾಜಶೇಖರ್ ಆಸ್ಪತ್ರೆ ಸೇರಿದರು. ಅಮಾನತಿನ ಅವಧಿ ಮುಗಿದ ಮೇಲೂ ವೈದ್ಯರು ಆಗಲಿ ಎನ್ನುವವರೆಗೆ ಕಾದರು. ಅಷ್ಟರಲ್ಲಿ ಒಂದು ವರ್ಷವೇ ಕಳೆಯಿತು.

ಮುಂದೆ ಕಂಪನಿ, ಕುಡಿತದ ತೊಂದರೆಯನ್ನು ತಾವಾಗಿ ಬಂದು ಹೇಳಿಕೊಳ್ಳುವವರ ಕೆಲಸ ತೆಗೆಯುವುದಿಲ್ಲ, ಚಿಕಿತ್ಸೆ ಕೊಡಿಸುತ್ತೇವೆ ಎಂದು ಪೈಲಟ್‌ಗಳಿಗೆ ಬರೆದು ಕೊಟ್ಟಿತು. ಅಂಥವರ ಮಾತು ಕೇಳಲು ಕೂರುತ್ತಿದ್ದವರು ರಾಜಶೇಖರ್. ಅವರು ನಿವೃತ್ತರಾಗುವವರೆಗೆ ಹನ್ನೊಂದು ಮಂದಿ ಅವರ ಬಳಿ ಬಂದಿದ್ದರಂತೆ.

ಯಶೋಧಾಗೆ ಹೆಚ್ಚು ನೆನಪಾಗುವುದು ರಾಜಶೇಖರ್ ಕೆಲಸಕ್ಕೆ ಮರಳಿದ ಮೊದಲ ಬೆಳಿಗ್ಗೆ. ಊದಿದರು, ಸೊನ್ನೆ ಬಂತು, ಸಹಿಯೂ ಆಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

"ಇನ್ನೊಂದ್ಸಲ ಊದ್ಲೇನಮ್ಮ?"

"ಬ್ಯಾಡ ಸರ್. ಜನ ಕಾಯ್ತಾ ಅವರೆ, ಹೊರಡ್ರಿ."

ಅವರು ಟೋಪಿ ತೆಗೆದುಕೊಂಡು ಹೊರಟರು. ಯಶೋಧಾ ಮುಂದಿನವರನ್ನು ಕರೆದರು.